ಇಪ್ಪಿ ಮರ ತುಂಬಿದ ಉಡಿ

ಹೋದ ವಾರ ನನ್ನ ಮೊಮ್ಮಗಳು ಭಾಗ್ಯ ಖಾಕಿ ಬಟ್ಟೆ ಹಾಕಿಕೊಂಡು, ಬೆಲ್ಟ್ ಬಿಗಿದುಕೊಂಡು, ಟೊಪ್ಪಿಗೆಯನ್ನು ಕಂಕುಳಲ್ಲಿ ಹಿಡಿದು ಬಂದು ನನ್ನ ಕಾಲು ಮುಟ್ಟಿದಳು. ಫಾರೆಸ್ಟ್ ಗಾರ್ಡ್ ಆಗಿದ್ದಾಳೆ. ಬೀಳಗಿ ಕಡೆಗೇ ಹಾಕಿದ್ದಾರೆ. ನನಗಾದ ಸಂತೋಷಕ್ಕೆ ಎಲ್ಲಿ ನಿಲ್ಲಬೇಕು, ಎಲ್ಲಿ ಕೂಡಬೇಕು ತಿಳಿಯಲಿಲ್ಲ. ಮಹಾಲಿಂಗಪುರದಿಂದ ಬೆಲ್ಲದ ಪೆಂಟೆ ತರಿಸಿ ಓಣಿಗೆಲ್ಲ ಹಂಚಿದೆ. ‘ಪೇಢೆ ತಂದಿದ್ರ ಛಲೋ ಕಾಣ್ತಿತ್ತಬೇ’ ಎಂದು ಮಗ ಗೊಣಗಿದ. ಪೇಢೆಯನ್ನು ಒಂದೊಂದೇ ಕೊಡಬೇಕು, ಬೆಲ್ಲವನ್ನಾದರೆ ಹಿಡಿ ತುಂಬ ಕೊಡಬಹುದು. ನನಗೆ ಹಿಡಿ ತುಂಬ ಕೊಡಬೇಕಾಗಿತ್ತು.

ಅವಳ ಜೊತೆ ಕೆಲಸಕ್ಕೆ ಸೇರಿದ ಹುಡುಗಿಯರೂ ಮನೆಗೆ ಬಂದಿದ್ದರು. ‘ಆಯೀ, ನೀವೂ ಇದ ಇಲಾಖೆದಾಗ ಇದ್ರಂತ. ಖರೆ ಕೆಲಸ ಹ್ಯಾಂಗಿರ್ತದ ಹೇಳ್ರಿ’ ಎಂದರು. ಹೇಳಲು ಬಾಯಿ ತೆಗೆದರೆ ನಗುವೇ ಮೊದಲು ಬಂತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ತಪ್ಪಿದ ಅಕ್ಷರವನ್ನು ಭಾಗ್ಯ ತಿದ್ದುತ್ತಾಳೆ. ಮಾತನ್ನು ತಿದ್ದಬೇಡ ಎಂದು ಅವಳಿಗೆ ತಾಕೀತು ಮಾಡಿದ್ದೇನೆ.

ದಿನಗೂಲಿಯಿಂದ ಕಾಯಂ ಆದದ್ದು, ಪಗಾರ ಏರಿದ್ದು ಎಲ್ಲ ಬಿಟ್ಟುಬಿಡುತ್ತೇನೆ. ಅದು ಎಲ್ಲರಿಗೂ ಆಗುವಂಥದ್ದೇ.

ಬಾಗಲಕೋಟೆ ಬೇರೆ ಜಿಲ್ಲೆಯಾಯಿತು ಎಂದು ಜನ ಮಾತಾಡುತ್ತಿದ್ದ ದಿನಗಳಲ್ಲಿ ನಾನು ಬೀಳಗಿ ಕಡೆಯ ಸಸಿಮಡಿಗೆ ಸೇರಿದೆ. ಲೋಕಾಪುರ ನನ್ನ ತವರು, ಬೀಳಗಿ ಗಂಡನ ಮನೆ. ನಮ್ಮ ಕೆಲಸವೆಂದರೆ ಕೆಮ್ಮಣ್ಣು, ಉಸುಕು, ಗೊಬ್ಬರ ಜರಡಿ ಹಿಡಿದು ಕಲಸುವುದು, ಕರಿ ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು, ಬೀಜ ಊರುವುದು, ಕೊಡದಿಂದ ನೀರು ಹೊಯ್ಯುವುದು. ಆಮೇಲೆ ಪೈಪು ಬಂತು, ಹಸಿರು ಜಾಳಿಗೆಯ ನೆರಳು ಬಂತು. ಮೊದಮೊದಲು ನೆರಳಿಗೆ ತೊಗರಿ ಕಟ್ಟಿಗೆಯ ಚಪ್ಪರವೇ ಗತಿ.

ಬೀಜ ಕೂಡಿಸುವ ರೀತಿ ಕೇಳಿದರೆ ನಿಮಗೆ ನಗು ಬರಬಹುದು. ಜಾಲಿಯ ಬೀಜ ಮರದಿಂದ ಬಿಡಿಸಿ ತಂದು ಊರಿದರೆ ಮೇಲಿನ ಗಟ್ಟಿ ಸಿಪ್ಪೆ ಬಿಡುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಕುರಿ, ಆಡು ಕಾಯಿ ತಿಂದು, ಮೆಲುಕು ಹಾಕಿ ಉಗುಳಿದ ಬೀಜವಾದರೆ ಬೇಗ ಏಳುತ್ತದೆ. ಹೀಗಾಗಿ ನಾನೂ ನನ್ನ ಜೊತೆಗಾತಿ ಬೀಬಿಜಾನಳೂ ಕುರಿಹಟ್ಟಿಗಳಿಗೆ ಹೋಗಿ, ಹಿಕ್ಕೆಯ ನಡುವೆ ಕೂತು ಬೀಜ ಆರಿಸುತ್ತಿದ್ದೆವು. ‘ನಿಮ್ಮ ಸರಕಾರಕ್ಕ ನಮ್ಮ ಕುರಿ ಹೊಟ್ಟೀನ ಬೇಕಾತೇನವ್ವಾ?’ ಎಂದು ಕುರುಬರು ಕೆಣಕುವರು. ‘ಹಂಗಾರ ನಿಮ್ಮ ಕುರೀನೂ ನೌಕರಿಗೆ ಹಚ್ಚಿ ಬಿಡ್ರಿ’ ಎಂದು ಬೀಬಿಜಾನ್ ತಿರುಗಿಸಿ ಕೊಡುವಳು.

ಇನ್ನು ಆ ಮರದ ಸಂಗತಿ.

ಕೃಷ್ಣೆಗೆ ಹೋಗಿ ಸೇರುವ ಒಂದು ಹಳ್ಳದ ದಂಡೆಯ ಮೇಲೆ ಒಂದು ಊರಿತ್ತು. ಆ ಊರಿನಿಂದ ಹಳ್ಳ ಹಿಡಿದು ಮೇಲಕ್ಕೆ, ಎರಡೂ ಕಡೆ ಬಂಡೆ, ನಡುವೆ ಕವಳಿ, ಕಾರಿ ಮುಳ್ಳು ದಾಟುತ್ತ ಒಂದು ತಾಸು ನಡೆದರೆ ಊರದೇವತೆ ದ್ಯಾಮವ್ವನ ಬನ. ನಮ್ಮ ಕಡೆ ಅಡವಿ ಎಂದರೆ ಕುರುಚಲು ಗಿಡ, ಕಲ್ಲು. ಆದರೆ ಅಲ್ಲಿ ಮಾತ್ರ ಎಂದೂ ಕೊಡಲಿ ಬೀಳದ ಮರಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ನಟ್ಟನಡುವೆ ಒಂದು ಇಪ್ಪಿ ಮರ, ಹಿಪ್ಪೆ ಎನ್ನುತ್ತಾರಲ್ಲ ಅದು. ಅದರ ಬುಡ ತಬ್ಬಲು ನಾವು ಕೆಲಸಕ್ಕೆ ಹೋದ ಹೆಂಗಸರೆಲ್ಲ ಕೈ ಕೈ ಹಿಡಿದರೂ ಸಾಲಲಿಲ್ಲ. ಊರಿನವರ ಅಜ್ಜನ ಅಜ್ಜನಿಗೂ ಅದು ಹಳೆಯ ಮರವೇ. ಸುತ್ತಿನಲ್ಲಿ ಮತ್ತೊಂದು ಇಪ್ಪಿ ಇರಲಿಲ್ಲ.

ಆಣೆಕಟ್ಟಿನ ಎತ್ತರ ಏರಿಸುವುದು ಗಟ್ಟಿಯಾಗಿತ್ತು. ಊರೂ ಮುಳುಗುತ್ತದೆ, ನೀರು ಹಳ್ಳದೊಳಗೆ ಹಿಮ್ಮುಖವಾಗಿ ಏರಿ ಬನವನ್ನೂ ತುಂಬುತ್ತದೆ ಎಂದಿದ್ದರು. ಊರಿನವರಿಗೆ ಬಾಡಗಂಡಿ ರಸ್ತೆಯ ಕಡೆ ಹೊಸ ಜಾಗ ಕೊಟ್ಟಿದ್ದರು. ಅಲ್ಲಿ ನೆರಳಿಗೆ ಸಸಿ ಬೆಳೆಸುವ ಕೆಲಸ ನಮ್ಮ ಸಸಿಮಡಿಗೆ ಬಂತು. ನಮ್ಮ ಫಾರೆಸ್ಟರ್ ಸಾಹೇಬರು ಧಾರವಾಡದ ಕಡೆಯವರು, ಹೆಂಗಸರ ಮಾತನ್ನೂ ಕೇಳುವ ಮನುಷ್ಯ. ‘ಗಂಗವ್ವಾ, ಬ್ಯಾರೆ ಗಿಡ ಎಲ್ಲಿಂದರ ತರಬಹುದು. ಆ ಇಪ್ಪಿ ಮುಳುಗಿದ್ರ ಅದರ ಪೀಳಿಗೀನ ಮುಗೀತದ. ಅದರ ಬೀಜ ತರ್ರಿ’ ಎಂದರು. ಆ ಮಾತು ನನ್ನೊಳಗೆ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ತಂದೇ ತರುತ್ತೇನೆ ಎಂದು ಅಂದೇ ನಿಶ್ಚಯಿಸಿದೆ.

ಮುಂಗಾರಿನ ಮೊದಲ ಹದ ಬಿದ್ದಾಗ ಇಪ್ಪಿ ಹಣ್ಣು ಉದುರುತ್ತದೆ. ಹೋದೆವು. ಬನದ ಬಾಯಲ್ಲಿ ನಾಗವ್ವ ಆಯಿ ಕೂತಿದ್ದಳು. ದ್ಯಾಮವ್ವನ ಪೂಜೆ ಅವಳ ಮನೆತನದ್ದು. ಬಗ್ಗಿದ ಮುದುಕಿ, ಕೊರಳು ಮಾತ್ರ ಗಂಟೆ. ನಾವು ಬಂದ ಕಾರಣ ಹೇಳಿದೆವು.

‘ಬರ್ರಿ, ನೆರಳಿಗೆ ಕುಂದರ್ರಿ. ಹಣ್ಣ ಬಿದ್ದಾವು, ಹೊಟ್ಟಿ ತುಂಬ ತಿನ್ರಿ. ಹೊರಗ ಒಯ್ಯಂಗಿಲ್ಲ’ ಎಂದಳು.

‘ಬೀಜ ಅಷ್ಟ ಒಯ್ತೇವ್ರಿ ಆಯೀ.’

‘ಬೀಜ ಹೊರಗಿನದೇನು? ಈ ಬನದಾಗಿನ ಒಣಾ ಕಡ್ಡಿ ಸುದ್ದಾ ಯಾರೂ ಒಲಿಗೆ ಒಯ್ದಿಲ್ಲ. ನಮ್ಮತ್ತಿ ಒಯ್ದಿಲ್ಲ, ಆಕಿ ಅತ್ತಿ ಒಯ್ದಿಲ್ಲ. ಸರಕಾರ ಅಂದ್ರೂ ಅಷ್ಟ.’

ಬೀಬಿಜಾನ್ ನನ್ನ ಮೊಣಕೈ ತಿವಿದಳು. ‘ಏಳವಾ, ಈಕಿ ಮುಂದ ನಮ್ಮ ಸಾಹೇಬ್ರೂ ಮೆತ್ತಗಾಗ್ತಾರ.’

ಹೊಸದಾಗಿ ಸೇರಿದವರಿಗೆ ಒಂದು ಮಾತು. ಆ ಹೊತ್ತಿಗೆ ಸುಮ್ಮನೆ ಸೆರಗಿನಲ್ಲಿ ನಾಲ್ಕು ಬೀಜ ಕಟ್ಟಿಕೊಂಡು ಬರಬಹುದಾಗಿತ್ತು. ಯಾರೂ ನೋಡುತ್ತಿರಲಿಲ್ಲ. ಆದರೆ ಆ ಸಸಿ ಹೊಸ ಊರಿನಲ್ಲಿ ಯಾರ ಕೈಯಿಂದ ನೀರು ಕುಡಿಯಬೇಕು? ಕದ್ದು ತಂದದ್ದೆಂದು ತಿಳಿದರೆ ಒಬ್ಬರೂ ಒಂದು ತಂಬಿಗೆ ನೀರು ಹಾಕುತ್ತಿರಲಿಲ್ಲ. ಗಿಡ ಹಚ್ಚುವುದು ಅರ್ಧ ಕೆಲಸ. ಅದು ನಮ್ಮದು ಎಂದು ಊರಿನವರಿಗೆ ಅನಿಸುವುದು ಉಳಿದರ್ಧ.

ಬರಿಗೈಯಲ್ಲಿ ತಿರುಗಿ ಬರುವಾಗ ದಾರಿ ತೆರೆಯಿತು. ಬನದ ಹೊರಗೆ, ಊರಿನ ಹತ್ತಿರದ ಒಂದು ದೊಡ್ಡ ಆಲದ ಮರದಲ್ಲಿ ಬಾವಲಿಗಳು ಜೋತುಬಿದ್ದಿದ್ದವು. ಅವು ಇಪ್ಪಿ ಹಣ್ಣು ಕಚ್ಚಿ ತಂದು ತಿಂದು, ಬೀಜವನ್ನು ಆಲದ ಕೆಳಗೆ ಕೆಡವಿದ್ದವು. ನೆಲದ ಮೇಲೆ ಕಂದು ಬಣ್ಣದ, ಎಣ್ಣೆ ಹಚ್ಚಿದಂತೆ ಮಿನುಗುವ ಬೀಜ! ಓಡಿ ಹೋಗಿ ನಾಗವ್ವ ಆಯಿಯನ್ನು ಕೇಳಿದೆ.

ಅವಳು, ‘ಹಾರೂ ಪಕ್ಷೀಗೆ ನಾ ಏನ್ ಕಾವಲ ಕಾಯ್ಲಿ? ಹೊರಗ ಬಿದ್ದದ್ದು ಹೊರಗಿನದು. ತಗೋರಿ’ ಎಂದಳು.

ಅದನ್ನು ಬುಟ್ಟಿ ತುಂಬ ಆರಿಸಿ ತಂದೆವು. ತಂದು ಏನು ಮಾಡಿದೆವು ಗೊತ್ತೇ? ನಾವೆಲ್ಲ ಬಿಳಿಜೋಳದ ನಾಡಿನವರು. ಬೀಜ ಎಂದರೆ ಗಣಗಣ ಒಣಗಿಸಬೇಕು, ಬೂದಿ ಕಲಸಿ ಇಡಬೇಕು. ಹುಟ್ಟಿದಾಗಿನಿಂದ ಕೈಗೆ ಬಂದ ರೂಢಿ. ಇಪ್ಪಿ ಬೀಜವನ್ನೂ ತೊಳೆದು, ಬಂಡೆಯ ಮೇಲೆ ಹರವಿ, ಅಲ್ಲಾಡಿಸಿದರೆ ಸದ್ದು ಬರುವ ಹಾಗೆ ಒಣಗಿಸಿದೆವು. ಸಾಹೇಬರೂ ಕೈಯಲ್ಲಿ ಹಿಡಿದು ನೋಡಿ, ‘ಭಾರಿ ಸ್ವಚ್ಛ ಆಗ್ಯಾವು’ ಎಂದು ಮೆಚ್ಚಿದರು. ಆಮೇಲೆ ಊರಿದೆವು. ಒಂದೂ ಏಳಲಿಲ್ಲ. ಚೀಲಗಳು ಕರ್ರಗೆ ಬಾಯಿ ತೆರೆದುಕೊಂಡು ಕೂತವು.

ಊರಿನಲ್ಲಿ ಸುದ್ದಿ ಹಬ್ಬಿತು. ‘ದ್ಯಾಮವ್ವ ಒಲ್ಲೆ ಅಂದಾಳ’ ಎಂದರು. ನಾಗವ್ವ ಆಯಿ ನನ್ನನ್ನು ಸಂತೆಯಲ್ಲಿ ಕಂಡು, ‘ಬಿಡು ತಂಗಿ, ಆಕಿ ಮನಸಿನಾಗ ಇಲ್ಲ’ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದಳಲ್ಲ, ಅದನ್ನು ತಡೆಯಲಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬೀಬಿಜಾನ್ ಗೊಬ್ಬರಕ್ಕೆಂದು ತಿಪ್ಪೆ ಕಡಿಯುತ್ತಿದ್ದಳು. ‘ಗಂಗವ್ವಾ, ಲಗೂನ ಬಾ ಇಲ್ಲಿ’ ಎಂದು ಕೂಗಿದಳು. ಹಣ್ಣಿನ ತಿರುಳು ಅಂಟಿಕೊಂಡಿದೆ, ಒಣಗುವುದಿಲ್ಲ ಎಂದು ನಾವು ಆರಿಸಿ ತಿಪ್ಪೆಗೆ ಎಸೆದಿದ್ದ ಬೀಜಗಳೆಲ್ಲ ಎದ್ದು, ಉದ್ದುದ್ದ ಬೇರು ಬಿಟ್ಟಿದ್ದವು. ಸಲಿಕೆಯ ಬಾಯಿಗೆ ಸಿಕ್ಕು ಎಲ್ಲ ತುಂಡಾಗಿದ್ದವು. ಅವಳು ಸಲಿಕೆ ಬಿಸಾಕಿ ಅಳಲು ಶುರುಮಾಡಿದಳು. ನಾನು ನಗಲು ಶುರುಮಾಡಿದೆ.

‘ಹುಚ್ಚಿ ಅದೀಯೇನ? ಎಲ್ಲಾ ಸತ್ತಾವು!’

‘ಸತ್ತಾವ ಖರೆ. ಹುಟ್ಟಿದ್ದವಲ್ಲ! ದ್ಯಾಮವ್ವ ಒಲ್ಲೆ ಅಂದಿಲ್ಲ, ನಾವ ಬಿಸಲಾಗ ಕೊಂದೇವಿ. ಇದನ್ನ ಹಸಿದ ಹಸೀನ ಊರಬೇಕು.’

ಸಾಹೇಬರೂ ಬಂದು ನೋಡಿ ತಲೆ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಅವರೇ, ‘ಬರೂ ಮಳಿಗಾಲದಾಗ ಬೀಜ ಆರಿಸಿದ ದಿನಾನ ಊರೋಣು’ ಎಂದರು. ಆದರೆ ಬರುವ ಮಳೆಗಾಲದಲ್ಲೇ ನೀರೂ ಬರುವುದಿತ್ತು. ಇದ್ದದ್ದು ಒಂದೇ ಹಂಗಾಮು.

ಅಷ್ಟರಲ್ಲಿ ಮುಳುಗಡೆ ಜಾಗದ ಮರ ಕಡಿಯುವವರು ಬಂದು ಊರ ಹತ್ತಿರದ ಆಲವನ್ನು ಉರುಳಿಸಿದರು. ಬಾವಲಿಗಳು ಎತ್ತಲೋ ಹೋದವು. ಬನಕ್ಕೆ ಮಾತ್ರ ಊರಿನವರು ಕೊಡಲಿ ತಾಗಿಸಗೊಡಲಿಲ್ಲ. ನೀರೇ ಬಂದು ಒಯ್ಯಲಿ ಎಂದು ಪಟ್ಟು ಹಿಡಿದರು. ಇನ್ನು ಬೀಜ ಸಿಗಬೇಕಾದರೆ ಆ ಮರದ ಬುಡದಲ್ಲೇ ಸಿಗಬೇಕು, ನಾಗವ್ವ ಆಯಿ ಹೂಂ ಅನ್ನಬೇಕು. ನಾನು ರಜೆಯ ದಿನ ಬಂದಾಗಲೆಲ್ಲ ಅವಳ ಮನೆಗೆ ಹೋದೆ. ಚಹ ಕುಡಿದೆ, ತಿಪ್ಪೆಯ ಸಂಗತಿ ಹೇಳಿದೆ, ಕಾಲು ಒತ್ತಿದೆ. ‘ಬರಾಕ ಬ್ಯಾಡ ಅನ್ನಂಗಿಲ್ಲ. ಬೀಜ ಕೊಡಂಗಿಲ್ಲ’ ಎನ್ನುವಳು. ನಾನು ಮತ್ತೆ ಹೋಗುವೆ. ಬೀಬಿಜಾನ್ ನನ್ನನ್ನು ‘ನಾಗವ್ವನ ಸೊಸಿ’ ಎಂದು ಕರೆಯತೊಡಗಿದಳು.

ಊರು ಬಿಡುವ ದಿನ ಗೊತ್ತಾಯಿತು. ಅದಕ್ಕೆ ಒಂದು ತಿಂಗಳು ಮೊದಲು ಊರ ಹೆಂಗಸರೆಲ್ಲ ದ್ಯಾಮವ್ವನಿಗೆ ಉಡಿ ತುಂಬಲು ಬನಕ್ಕೆ ಹೊರಟರು. ನಾನೂ ಬೀಬಿಜಾನಳೂ ಹಿಂದೆ ಹೋದೆವು. ಹದ ಮಳೆಯಾಗಿತ್ತು. ಇಪ್ಪಿಯ ಕೆಳಗೆ ಕಾಲಿಟ್ಟಲ್ಲೆಲ್ಲ ಹಣ್ಣು ಪಚ್ಚೆನ್ನುತ್ತಿತ್ತು. ಮೇಲೆ ನೋಡಿದರೆ ಕೊಂಬೆಗಳ ನಡುವೆ ಆಕಾಶ ಚೂರು ಚೂರು. ಇಷ್ಟು ಜೀವ ಇರುವ ಮರ ಇನ್ನು ಕೆಲವೇ ತಿಂಗಳಲ್ಲಿ ನೀರೊಳಗೆ ಎಂದು ನೆನೆದು ಅದರ ಬುಡಕ್ಕೆ ಕೈಯಿಟ್ಟು ನಿಂತೆ.

ಹೆಂಗಸರು ದ್ಯಾಮವ್ವನ ಕಲ್ಲಿಗೆ ಹಸಿರು ಖಣ ಇಟ್ಟು, ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದರು. ಆ ಕಲ್ಲೂ ಅವರ ಜೊತೆ ಹೊಸ ಊರಿಗೆ ಹೋಗುವುದಿತ್ತು. ಎಲ್ಲ ಮುಗಿದು ಏಳುವ ಹೊತ್ತಿಗೆ ಕಸ್ತೂರಿ ಎಂಬ ಸೊಸೆ ಮಾತ್ರ ಮರಕ್ಕೆ ಬೆನ್ನು ಕೊಟ್ಟು ಕೂತೇ ಇದ್ದಳು. ಅವಳಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಅತ್ತೆಯ ಮನೆಯಲ್ಲಿ ಜಗಳವಾದಾಗಲೆಲ್ಲ ಅಷ್ಟು ದೂರ ನಡೆದು ಬಂದು ಆ ಮರದ ಕೆಳಗೆ ಅತ್ತು ಹೋಗುತ್ತಿದ್ದಳಂತೆ.

‘ಏಳ ಕಸ್ತೂರಿ, ಹೊತ್ತ ಏರಾಕತ್ತೈತಿ’ ಎಂದಳು ಅವಳ ಅತ್ತೆ.

‘ದ್ಯಾಮವ್ವಗ ನಾವು ಉಡಿ ತುಂಬಿದ್ವಿ. ನಮಗ್ಯಾರ ತುಂಬ್ತಾರ? ನನಗ ತವರಂತ ಇದ್ದದ್ದು ಇದೊಂದ. ತವರಿಂದ ಬರೀ ಉಡೀಲೆ ಹೋಗಲೇನು?’

ನನ್ನ ಬಾಯಿಗೆ ಮಾತು ಬಂದಿತ್ತು. ಬೀಬಿಜಾನ್ ನನ್ನ ಕೈ ಬಿಗಿಯಾಗಿ ಹಿಡಿದಳು, ಸುಮ್ಮನಿರು ಎನ್ನುವ ಹಾಗೆ. ನಾಗವ್ವ ಆಯಿ ಕಸ್ತೂರಿಯನ್ನು ನೋಡಿದಳು, ಮರವನ್ನು ನೋಡಿದಳು. ಆಮೇಲೆ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಒಂದೊಂದು ಹಣ್ಣು ಹಿಚುಕಿ, ಬೀಜ ತೆಗೆದು ಬೊಗಸೆಗೆ ಹಾಕಿಕೊಂಡಳು. ಎದ್ದು ಬಂದಳು.

‘ಸೆರಗ ಒಡ್ಡು.’

ಕಸ್ತೂರಿ ಒಡ್ಡಿದಳು. ನಾಗವ್ವ ಆಯಿ ಅವಳ ಹಣೆಗೆ ಕುಂಕುಮವಿಟ್ಟು, ಬೊಗಸೆಯ ಬೀಜವನ್ನು ಉಡಿಗೆ ಸುರಿದಳು. ‘ಒಯ್ಯಬಾರದಂತ ನಮ್ಮ ಹಿರ್ಯಾರು ಅಂದಾರ. ಕೊಡಬಾರದಂತ ಯಾರೂ ಅಂದಿಲ್ಲ. ನಿನ್ನ ತವರು ನಿನಗ ಕೊಡಾಕತ್ತೈತಿ, ತಗೋ’ ಎಂದಳು.

ಆಮೇಲೆ ಊರ ಹೆಂಗಸರು ಒಬ್ಬೊಬ್ಬರೇ ಬಂದು ಸೆರಗು ಒಡ್ಡಿದರು. ವಿಧವೆಯರನ್ನೂ ಅವಳು ಬಿಡಲಿಲ್ಲ, ಕೈ ಹಿಡಿದು ಎಳೆದು ತಂದು ತುಂಬಿದಳು. ನಾನೂ ಬೀಬಿಜಾನಳೂ ಅತ್ತುಕೊಂಡೇ ಹಣ್ಣು ಹಿಚುಕಿ ಹಿಚುಕಿ ಬೀಜ ಕೊಟ್ಟೆವು.

ಸಂತೋಷ ಅರ್ಧ ದಾರಿಯವರೆಗೂ ಉಳಿಯಲಿಲ್ಲ. ಉಡಿಯ ಸಾಮಾನನ್ನು ಮನೆಗೆ ಒಯ್ದು ದೇವರ ಮುಂದೆ ಇಡುವುದು ರೂಢಿ. ಕೆಲವು ದಿನ ಅಲ್ಲೇ ಇರಬೇಕು. ಇಟ್ಟರೆ ಬೀಜ ಒಣಗುತ್ತದೆ, ಮುಗಿಯಿತು. ನಮ್ಮ ಕೈಗೆ ಕೊಡಿ ಎಂದರೆ, ಉಡಿಯನ್ನು ಇನ್ನೊಬ್ಬರ ಮನೆಗೆ ಕೊಡುವುದುಂಟೇ ಎಂದು ಹೆಂಗಸರು ಸೆರಗು ಬಿಗಿ ಹಿಡಿದರು. ನಾನು ಬೀಬಿಜಾನಳನ್ನು ಸಸಿಮಡಿಗೆ ಓಡಿಸಿದೆ. ಸಾಹೇಬರು ಮಣ್ಣು ತುಂಬಿದ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಸಂಜೆಯೊಳಗೆ ಬಂದರು.

ಚಾವಡಿಯ ಮುಂದೆ ನಿಂತು ನಾನು ಹೇಳಿದೆ, ‘ಉಡೀನ ದೇವರ ಮುಂದ ಇಡ್ರವಾ, ಬ್ಯಾಡ ಅನ್ನಂಗಿಲ್ಲ. ತಟ್ಟ್ಯಾಗ ಇಡೂದರ ಬದ್ಲಿ ಈ ಮಣ್ಣಾಗ ಇಡ್ರಿ. ದೇವರಿಗೆ ಮಣ್ಣೇನು ಮೈಲಿಗಿ ಅಲ್ಲಲ್ಲ.’

ನಾಗವ್ವ ಆಯಿ ಮೊದಲ ಚೀಲ ಎತ್ತಿಕೊಂಡಳು. ಆಮೇಲೆ ತಡವಾಗಲಿಲ್ಲ.

ಹೀಗೆ ನಮ್ಮ ಇಲಾಖೆಯ ಒಂದು ಸಸಿಮಡಿ ಊರಿನವರ ದೇವರ ಮನೆಗಳಲ್ಲಿ ಸುರುವಾಯಿತು. ಸಾಹೇಬರು ನನ್ನನ್ನು ಕರೆದು, ‘ಗಂಗವ್ವಾ, ಮ್ಯಾಲಿನವ್ರು ತಪಾಸಣಿಗೆ ಬಂದು ಇಪ್ಪಿ ಸಸಿ ಎಲ್ಲಿ ಅಂದ್ರ ಏನಂತ ಹೇಳ್ಲಿ?’ ಎಂದರು.

‘ಬೂಟ ಕಳದು, ಕಾಲ ತೊಳಕೊಂಡು ಬರ್ರಿ, ತೋರಸ್ತೇವಿ ಅನ್ರಿ.’

ಖರೆಯೇ ಹಾಗಾಯಿತು. ಮೇಲಿನ ಸಾಹೇಬರೊಬ್ಬರು ಬಂದರು. ಮೊದಲು ಹುಬ್ಬು ಗಂಟಿಕ್ಕಿದರು. ಬೂಟು ಕಳಚಿ ಎರಡು ಮನೆ ಹೊಕ್ಕು ಬರುವಷ್ಟರಲ್ಲಿ ಹಣೆಯ ಮೇಲೆ ಭಂಡಾರದ ಅರಿಷಿಣ ಹಚ್ಚಿಸಿಕೊಂಡು, ಕೈಯಲ್ಲಿ ಸಕ್ಕರೆ ಹಿಡಿದು ನಗುತ್ತಿದ್ದರು. ‘ಇಷ್ಟು ಕಾಳಜಿ ನಮ್ಮ ನರ್ಸರಿಯಲ್ಲಿ ಇಲ್ಲ ಕಣ್ರೀ’ ಎಂದರು. ಕಾಳಜಿ ಹೆಚ್ಚೇ ಆಗಿತ್ತು. ಕೆಲವರು ಚೀಲಕ್ಕೆ ಹಾಲು ಹೊಯ್ದು ಬೀಜ ಕೊಳೆಸಿದರು. ಒಬ್ಬ ಅಜ್ಜಿ ಮೊಳಕೆಯ ತಲೆಗೆ ಎಣ್ಣೆ ಹಚ್ಚಿದ್ದಳು. ನಾನು ಮನೆ ಮನೆ ತಿರುಗಿ, ‘ನೀರಷ್ಟ ಹಾಕ್ರಿ, ಎಲಿ ಬಂದ ಮ್ಯಾಲ ತುಳಸಿಕಟ್ಟಿ ಬಿಸಲಿಗೆ ಇಡ್ರಿ’ ಎಂದು ಗಂಟಲು ಹರಿದುಕೊಂಡೆ.

ಊರು ಬಿಟ್ಟ ದಿನ ಟ್ರ್ಯಾಕ್ಟರುಗಳ ಮೇಲೆ ತೊಲೆ, ಬಾಗಿಲು, ಕಣಜ, ಕೋಳಿ ಎಲ್ಲ ಹೇರಿದ್ದವು. ಹೆಂಗಸರು ಕರಿ ಚೀಲಗಳನ್ನು ಕೂಸು ಹಿಡಿದ ಹಾಗೆ ತೊಡೆಯ ಮೇಲೆ ಹಿಡಿದು ಕೂತಿದ್ದರು. ಎಲೆ ಆಗಷ್ಟೇ ಒಡೆದಿತ್ತು.

ನೀರು ಬಂತು. ನಾನು ನೋಡಲು ಹೋದೆ. ದೂರದಿಂದ ಇಪ್ಪಿಯ ನೆತ್ತಿ ಮಾತ್ರ ಹಸಿರಾಗಿ ಕಾಣುತ್ತಿತ್ತು. ಮರುವರ್ಷ ಒಣ ಕೊಂಬೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಕೂತಿದ್ದವು. ಮತ್ತೆ ನೋಡಲು ಹೋಗಲಿಲ್ಲ. ನನ್ನ ಕೆಲಸ ಹೊಸ ಊರಿನಲ್ಲಿತ್ತು.

ಹೊಸ ಊರೆಂದರೆ ನೇರ ರಸ್ತೆ, ತಗಡಿನ ಮನೆ, ಎತ್ತ ನೋಡಿದರೂ ಬಿಸಿಲು. ಇಪ್ಪಿಯ ಬೇರು ಆಳಕ್ಕೆ ಇಳಿಯುತ್ತದೆ, ಅಲ್ಲಿ ಅರ್ಧ ಮೊಳಕ್ಕೇ ಗರಸು, ಕಲ್ಲಿನಂಥ ಗಟ್ಟಿ ನೆಲ. ಹಾರೆಯಿಂದ ಕುಣಿ ತೋಡಿಸಿ, ಹಳೆಯ ಊರಿನಿಂದ ತಂದ ಎರೆಮಣ್ಣು ತುಂಬಿ ಸಸಿ ಇಟ್ಟೆವು. ಮೊದಲ ಬೇಸಗೆಗೇ ಬಹಳಷ್ಟು ಹೋದವು. ಕೆಲವನ್ನು ಆಡು ತಿಂದವು, ಕೆಲವನ್ನು ಗೆದ್ದಲು. ನಳದ ನೀರು ಬರದ ದಿನ ಹೆಂಗಸರು ಪಾತ್ರೆ ತೊಳೆದ ನೀರನ್ನು ಸಸಿಗೆ ಹೊಯ್ದರು. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು, ಯಾರೂ ಹೋಗೆಂದು ಹೇಳಿರಲಿಲ್ಲ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹೋಗಿ ಮುಳ್ಳಿನ ಬೇಲಿ ಬಿಗಿದು ಬಂದೆ. ‘ಸರಕಾರ ನಿನಗ ಎರಡ ಪಗಾರ ಕೊಡ್ತೈತೇನ?’ ಎಂದು ಗಂಡ ಕೇಳುತ್ತಿದ್ದ. ಒಂದು ಸಸಿ ಸತ್ತಾಗಲೂ ಉಳಿದದ್ದರ ಕಡೆ ನೋಡಿದೆ. ನೀವೂ ಹಾಗೇ ಮಾಡಿ. ಸತ್ತದ್ದರ ಮುಂದೆ ಕೂತರೆ ಇದ್ದದ್ದಕ್ಕೆ ನೀರು ತಪ್ಪುತ್ತದೆ.

ಬೆರಳೆಣಿಕೆಯಷ್ಟು ಉಳಿದವು. ಕಸ್ತೂರಿಯ ಮನೆಯ ಮುಂದಿನದು ಎಲ್ಲಕ್ಕಿಂತ ಜೋರಾಗಿ ಏರಿತು.

ವರ್ಷಗಳು ಹೋದವು. ಸಾಹೇಬರು ವರ್ಗವಾಗಿ ಹೋದರು. ಬೀಬಿಜಾನ್ ಮಗಳ ಮನೆಗೆಂದು ಮುಧೋಳಕ್ಕೆ ಹೋದಳು. ನಾನು ನಿವೃತ್ತಿಯಾಗುವುದಕ್ಕೆ ಸ್ವಲ್ಪ ಮೊದಲು, ಒಂದು ಬೇಸಗೆಯಲ್ಲಿ, ಕಸ್ತೂರಿ ಫೋನ್ ಮಾಡಿದಳು. ‘ಯಕ್ಕಾ, ಹೂ ಬಿಟ್ಟೈತಿ! ಲಗೂ ಬರ್ರಿ, ಆಯಿ ಯಾರಿಗೂ ಮುಟ್ಟಗೊಡವಲ್ಲಳು.’

ಇಪ್ಪಿಯ ಹೂ ನಸುಕಿನಲ್ಲಿ ಉದುರುತ್ತದೆ, ತಿನ್ನಲು ಸಿಹಿ. ಮೊದಲ ಬಸ್ಸಿಗೇ ಹೋದೆ. ಕಸ್ತೂರಿಯ ಅಂಗಳದ ತುಂಬ ಬೆಣ್ಣೆಯ ಬಣ್ಣದ ಹೂ, ದ್ರಾಕ್ಷಿಯ ಹಾಗೆ ರಸ ತುಂಬಿದವು. ಓಣಿಯ ಜನವೆಲ್ಲ ಸುತ್ತ ನಿಂತಿತ್ತು. ನಡುವೆ ಕಂಬಳಿಯ ಮೇಲೆ ನಾಗವ್ವ ಆಯಿ. ಕಣ್ಣು ಪೂರ್ತಿ ಹೋಗಿದ್ದವು.

‘ಗಂಗವ್ವ ಬಂದ್ಲೇನು?’ ಎಂದಳು.

‘ಬಂದೆನ್ರಿ ಆಯೀ.’

‘ಇವ್ರಿಗೆ ಯಾರಿಗೂ ಹಳೇ ಮರದ ರುಚಿ ನೆಪ್ಪಿಲ್ಲ. ಇಪ್ಪಿ ಅಂದ ಕೂಡ್ಲೆ ನಮ್ಮ ಇಪ್ಪಿ ಆಗೂದಿಲ್ಲ. ನೋಡೂಣು ತಾ.’

ಒಂದು ಹೂ ಆರಿಸಿ, ಧೂಳು ಊದಿ ಅವಳ ಅಂಗೈಯಲ್ಲಿಟ್ಟೆ. ಅವಳು ಮೂಸಲಿಲ್ಲ, ತಡಮಾಡಲೂ ಇಲ್ಲ, ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಿ. ಒಸಡಿನಲ್ಲಿ ನುರಿಯುತ್ತ, ಆ ಕಡೆ ಈ ಕಡೆ ಹೊರಳಿಸುತ್ತ ಬಹಳ ಹೊತ್ತು ಕೂತಳು. ಕಸ್ತೂರಿ ನನ್ನ ಭುಜ ಹಿಡಿದಳು. ಅಂಗಳದಲ್ಲಿ ಇನ್ನೂ ಒಂದೊಂದು ಹೂ ಬೀಳುವ ಸದ್ದು ಕೇಳುತ್ತಿತ್ತು.

ನಾಗವ್ವ ಆಯಿ ನುಂಗಿದಳು. ಮತ್ತೆ ಅಂಗೈ ಚಾಚಿದಳು.

‘ಅದ ಐತಿ’ ಎಂದಳು. ‘ಇನ್ನೊಂದ ಕೊಡು.’